ನಾಳಿ ಕಳಕಪ್ಪನ ತೊಟ್ಟಿಲ ಹಲಗೆ

ನನ್ನ ಅಕ್ಕನ ಗಂಡ ಕಳಕಪ್ಪನಿಗೆ ಗಜೇಂದ್ರಗಡದ ನೇಕಾರ ಓಣಿಯಲ್ಲಿ ‘ನಾಳಿ ಕಳಕಪ್ಪ’ ಎಂದೇ ಹೆಸರು. ಸೀರೆ ಯಾವಾಗ ಮುಗಿಯುತ್ತದೆ ಎಂದು ಯಾರೇ ಕೇಳಲಿ, ಲಾಳಿ ನಿಲ್ಲಿಸದೆ ‘ನಾಳಿ’ ಎನ್ನುತ್ತಾನೆ. ಆ ನಾಳೆ ಒಂದು ವಾರವೂ ಆಗಬಹುದು, ಒಂದು ತಿಂಗಳೂ ಆಗಬಹುದು. ಹೆಸರನ್ನು ಮೊದಲು ಯಾರು ಇಟ್ಟರೋ ನನಗೆ ತಿಳಿಯದು, ಆದರೆ ಅದನ್ನು ರೋಣದ ತನಕ ಹಬ್ಬಿಸಿದವನು ನಾನೇ. ಅಕ್ಕನ ಗಂಡನನ್ನು ಗೇಲಿ ಮಾಡುವುದು ಮೈದುನನ ಹಕ್ಕು. ಮೂವತ್ತು ವರ್ಷದಿಂದ ಆ ಹಕ್ಕನ್ನು ನಾನು ಒಂದು ದಿನವೂ ಬಿಟ್ಟುಕೊಟ್ಟಿಲ್ಲ.

ನಾನು ಶಿವನಪ್ಪ, ರೋಣದ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರ. ನನ್ನ ಗಡಿಯಾರ ಯಾವಾಗಲೂ ಐದು ನಿಮಿಷ ಮುಂದೆ. ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ಶಾಲೆಯ ಗೇಟಿನಲ್ಲಿ ನಿಂತಿರುತ್ತೇನೆ. ಇಂಥವನಿಗೆ ಅಕ್ಕನ ಗಂಡನಾಗಿ ಅಂಥ ಮಾವ ಸಿಕ್ಕಿದ್ದು ನನ್ನ ಹಣೆಬರಹ ಅಂತ ಬಹಳ ವರ್ಷ ಅಂದುಕೊಂಡಿದ್ದೆ.

ಕಳಕಪ್ಪ ಸೋಮಾರಿ ಅಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು. ಅವನ ಕೈ ನಿಧಾನ, ಅದಕ್ಕೂ ಕಾರಣ ಇದೆ. ಅವನು ನೇಯುವುದು ಪಟ್ಟೆದಂಚಿನ ಸೀರೆ. ಆ ಸೀರೆಗೆ ಒಳಮೈ ಹೊರಮೈ ಎಂಬ ಭೇದವಿಲ್ಲ, ಯಾವ ಕಡೆ ತಿರುಗಿಸಿ ಉಟ್ಟರೂ ಒಂದೇ. ಬೇರೆ ನೇಕಾರರು ಸಣ್ಣಪುಟ್ಟ ತಪ್ಪನ್ನು ಕೈಯಿಂದ ಸವರಿ ಮುಂದೆ ಹೋಗುತ್ತಾರೆ. ಕಳಕಪ್ಪ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಎದ್ದು, ಬಗ್ಗಿ, ಬಟ್ಟೆಯ ಅಡಿಗೆ ಕನ್ನಡಿ ಹಿಡಿದು ನೋಡುತ್ತಾನೆ. ಒಂದು ಎಳೆ ಅತ್ತಿತ್ತಾಗಿದ್ದರೆ ಅಷ್ಟನ್ನೂ ಬಿಚ್ಚುತ್ತಾನೆ. ‘ಎರಡೂ ಕಡಿ ಒಂದ ಇರಬೇಕು ಮಾಸ್ತರ, ಸೀರಿ ಆಗ್ಲಿ ಮನುಷ್ಯಾ ಆಗ್ಲಿ’ ಎಂಬುದು ಅವನ ಮಾತು. ಕೇಳಲು ಚೆನ್ನಾಗಿದೆ. ಅದರ ಜೊತೆ ಬಾಳುವೆ ಮಾಡಿದ ನನ್ನ ಅಕ್ಕ ಹನುಮವ್ವನನ್ನು ಕೇಳಿ.

ಈ ಗುಣ ಒಂದು ಸಲ ಅವನಿಗೇ ಮುಳುವಾಯಿತು. ಎರಡು ವರ್ಷದ ಹಿಂದೆ ಮಗಳು ನೇತ್ರಾಳ ಮದುವೆ ನರಗುಂದದ ಕಾಳುಕಡಿ ವ್ಯಾಪಾರದ ಮನೆಗೆ ಗೊತ್ತಾಯಿತು. ಧಾರೆಯ ಸೀರೆಯನ್ನು ತಾನೇ ನೇಯುತ್ತೇನೆಂದು ಕಳಕಪ್ಪ ಹಟ ಹಿಡಿದ. ನಾಲ್ಕು ತಿಂಗಳು ಮೊದಲೇ ಮಗ್ಗಕ್ಕೆ ಹಾಸು ಹೂಡಿದ. ಮದುವೆಗೆ ಮೂರು ದಿನ ಇರುವಾಗ ಕನ್ನಡಿಯಲ್ಲಿ ಅದೇನೋ ಎರಡು ಎಳೆ ತಪ್ಪಿದ್ದು ಕಂಡು ಒಂದು ಮೊಳ ಬಿಚ್ಚಿದ. ಅಷ್ಟೇ. ನಾನು ರೋಣದ ಅಂಗಡಿಗೆ ಓಡಿ ಒಂದು ರೇಷ್ಮೆ ಸೀರೆ ತಂದೆ, ಹುಡುಗಿ ಅದನ್ನೇ ಉಟ್ಟು ಧಾರೆಗೆ ಕುಳಿತಳು. ಅಪ್ಪನ ಸೀರೆ ನರಗುಂದ ಮುಟ್ಟಿದ್ದು ಮದುವೆಯಾಗಿ ಹನ್ನೊಂದು ದಿನಕ್ಕೆ. ನೇತ್ರಾಳ ಅತ್ತೆ ರೇಣವ್ವ ಅದನ್ನು ಬಿಚ್ಚಿ, ಎರಡೂ ಕಡೆ ತಿರುಗಿಸಿ ನೋಡಿ, ‘ಸೀರಿ ಭಾಳ ಚಲೋ ಐತ್ರಿ ಬೀಗರ. ಆದ್ರ ಊಟಕ್ಕಿಲ್ಲದ ಉಪ್ಪಿನಕಾಯಿ ಆತು ನೋಡ್ರಿ’ ಎಂದಳು.

ರೇಣವ್ವ ಕೆಟ್ಟವಳಲ್ಲ. ಬಾಯಿ ಮಾತ್ರ ದೊಡ್ಡದು. ಮಾರುಕಟ್ಟೆಯ ಹರಾಜಿನ ಸವಾಲಿನಲ್ಲಿ ಗಂಡ ಕೂಗುವುದಕ್ಕಿಂತ ಇವಳು ಮನೆಯಲ್ಲಿ ಕೂಗಿದ್ದು ದೂರ ಕೇಳುತ್ತದೆ ಎಂದು ನರಗುಂದದವರೇ ಹೇಳುತ್ತಾರೆ. ಬಸ್ಸಿನಲ್ಲಿ ವಾಪಸು ಬರುವಾಗ ಕಳಕಪ್ಪ ರೋಣದ ತನಕ ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತಿದ್ದ. ನಾನು ಇಳಿಯುವಾಗ ಮಾತ್ರ ‘ನೇತ್ರಾ ಏನೂ ಅನ್ನಲಿಲ್ಲ ನೋಡೋ ಶಿವನಪ್ಪ. ಒಂದ ಮಾತ ಬೈದಿದ್ರ ಚಲೋ ಇತ್ತು’ ಎಂದ.

ನೇತ್ರಾ ಬಸುರಿಯಾಗಿ ತವರಿಗೆ ಬಂದಾಗ, ಕೂಸಿಗೆ ತನ್ನ ಕೈಯಾರೆ ಏನಾದರೂ ಬಣ್ಣದಲ್ಲಿ ಬರೆದು ಕೊಡುತ್ತೇನೆ ಎಂದು ಕಳಕಪ್ಪ ಹೇಳಿದ. ಅವನಿಗೆ ಕುಂಚ ಹೊಸದೇನಲ್ಲ. ಹುಡುಗನಾಗಿದ್ದಾಗ ಮಗ್ಗಕ್ಕೆ ಕೂರುವ ಮೊದಲು ಎರಡು ವರ್ಷ, ಅದೇ ಊರಿನ ಬೋರ್ಡು ಬರೆಯುವ ಪೇಂಟರ್ ಒಬ್ಬರ ಕೈಕೆಳಗೆ ಕೆಲಸ ಮಾಡಿದ್ದ. ಆ ಪೇಂಟರ ಮಗ ಅಯಾಜ ಈಗಲೂ ಅದೇ ಅಂಗಡಿ ನಡೆಸುತ್ತಾನೆ. ಕೊಡುಗೆ ಏನೆಂದರೆ ತೊಟ್ಟಿಲ ಹಲಗೆ. ನಮ್ಮ ಕಡೆಯ ತೊಟ್ಟಿಲಿಗೆ ಕೂಸಿನ ಮುಖದ ನೇರಕ್ಕೆ ಮೇಲೆ, ಸರಪಳಿಗಳ ನಡುವೆ ಒಂದು ಅಡ್ಡ ಹಲಗೆ ಕೂಡಿಸುತ್ತಾರೆ, ಗಿಣಿ ಗಿಲಕಿ ಕಟ್ಟಲಿಕ್ಕೆ. ಅದರ ಮೇಲೆ ಚಿತ್ರ ಬರೆದು ನಡುವೆ ಕೂಸಿನ ಹೆಸರು ಬರೆಯುವುದು ಅವನ ಲೆಕ್ಕ.

‘ಯಾವಾಗ ಶುರು ಮಾಡ್ತೀರಿ ಮಾವಾರ?’ ಎಂದೆ.

‘ನಾಳಿ’ ಎಂದ.

ದವಾಖಾನಿಯವರು ಕೊಟ್ಟ ತಾರೀಖಿಗೆ ಇನ್ನೂ ಇಪ್ಪತ್ತು ದಿನ ಇತ್ತು. ಕೂಸಿಗೆ ಅಜ್ಜನ ಸ್ವಭಾವ ಬರಲಿಲ್ಲ. ಒಂದು ಮಂಗಳವಾರ ಬೆಳಿಗ್ಗೆ, ಹಲಗೆಗೆ ಮರವನ್ನೂ ಹುಡುಕಿರದ ಹೊತ್ತಿಗೆ, ಹೆಣ್ಣುಕೂಸು ಹುಟ್ಟಿಯೇಬಿಟ್ಟಿತು. ಹದಿಮೂರನೆಯ ದಿನ ರವಿವಾರ ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ನರಗುಂದದವರು ಅವತ್ತೇ ಹೇಳಿದರು. ಹೆಸರಿಡುವ ಹಕ್ಕು ಸೋದರತ್ತೆಯದು, ಅಂದರೆ ನೇತ್ರಾಳ ನಾದಿನಿ ಮಧುಮತಿಯದು. ರೇಣವ್ವ ಫೋನಿನಲ್ಲಿ ನನ್ನ ಅಕ್ಕನಿಗೆ, ‘ಹಲಗಿ ಬರಿಯಾಕತ್ತಾರಂತಲ್ರಿ ಬೀಗರು, ಕೂಸು ಸಾಲಿಗೆ ಹೋಗೂದರೊಳಗ ಮುಗೀತೈತಿ ಇಲ್ಲೋ?’ ಎಂದಳಂತೆ. ಅಕ್ಕ ಅದನ್ನು ಗಂಡನಿಗೆ ಅಕ್ಷರ ಬಿಡದೆ ಒಪ್ಪಿಸಿದಳು.

ಕಳಕಪ್ಪ ಎದ್ದು ಹೋಗಿ ಮಗ್ಗದ ಕುಣಿಯ ಅಂಚಿಗೆ ಹಾಕಿದ್ದ, ತಾನು ಕೂರುವ ಸಾಗವಾನಿ ಹಲಗೆಯನ್ನೇ ಕಿತ್ತು ತಂದ. ಅವನ ಅಜ್ಜ ಕೂತದ್ದು, ಅಪ್ಪ ಕೂತದ್ದು, ಅವನೂ ನಲವತ್ತು ವರ್ಷ ಕೂತದ್ದು. ಸವೆದು ಸವೆದು ನುಣುಪಾಗಿತ್ತು.

‘ಅಯ್ಯ ನನ ಶಿವನ! ಮೂರು ತಲಿಮಾರು ಕುಂಡಿ ಊರಿದ ಹಲಗೀನ ಮಮ್ಮಗಳ ತಲಿ ಮ್ಯಾಲ ಕಟ್ತೀರೇನ್ರಿ?’ ಎಂದು ಅಕ್ಕ ಹಣೆ ಬಡಿದುಕೊಂಡಳು.

‘ಈ ಮನ್ಯಾಗ ಅನ್ನ ಬಂದದ್ದ ಈ ಹಲಗಿ ಮ್ಯಾಲ ಕುಂತು. ಇದಕ್ಕಿಂತ ಚಲೋ ಕಟಗಿ ಎಲ್ಲೈತಿ, ತೋರ್ಸು’ ಎಂದ ಕಳಕಪ್ಪ.

ನನ್ನ ಬಳಿ ಒಂದು ಉತ್ತರ ಇತ್ತು, ಬಾಣಂತಿ ಮಲಗಿದ ಮನೆಯಲ್ಲಿ ಜಗಳ ಬೇಡವೆಂದು ನುಂಗಿಕೊಂಡೆ.

ಆರನೆಯ ದಿನ ರವಿವಾರ ನಾನು ಹೋದಾಗ ಹಲಗೆ ಬಣ್ಣಕ್ಕೆ ತಯಾರಾಗಿತ್ತು. ಉಜ್ಜಿ, ತೊಳೆದು, ಒಣಗಿಸಿ, ಎರಡೂ ಮೈಗೆ ಬಿಳಿ ಬಳಿದಿದ್ದ. ಕೂಸಿನ ಬಾಯಿ ಮೂಗಿಗೆ ತೊಂದರೆ ಆಗದ, ವಾಸನೆ ಇಲ್ಲದ ನೀರುಬಣ್ಣವನ್ನು ಅಯಾಜ ಗದಗದಿಂದ ತರಿಸಿಕೊಟ್ಟಿದ್ದ. ಕಳಕಪ್ಪ ಅಂಚಿಗೆ ಪಟ್ಟೆ ಬರೆಯುತ್ತಿದ್ದ, ಕಪ್ಪು, ಬಿಳಿ, ಕೆಂಪು ಚೌಕಳಿ. ಮೇಲಿನ ಮೈಯಲ್ಲಿ ಒಂದು ಚೌಕ ಬರೆದರೆ, ಒಣಗಿದ ಮೇಲೆ ಹಲಗೆ ತಿರುವಿ, ನೂಲು ಹಿಡಿದು ಅಳೆದು, ಅದರ ನೇರಕ್ಕೆ ಕೆಳಮೈಯಲ್ಲಿ ಇನ್ನೊಂದು. ಅಯಾಜ ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದ.

‘ಕಾಕಾ, ಇಪ್ಪತ್ತು ವರ್ಷದಾಗ ಸಾವಿರ ಬೋರ್ಡ್ ಬರದೀನಿ. ಬೋರ್ಡಿನ ಹಿಂದ ಏನೈತಿ ಅಂತ ಇವತ್ತಿನತನಕ ಒಬ್ಬಾಂವನೂ ಕೇಳಿಲ್ಲ’ ಎಂದ ಅಯಾಜ.

‘ನೀ ಹಿಂದ ಬರದಿಲ್ಲ, ಅದಕ್ಕ ಕೇಳಿಲ್ಲ’ ಎಂದ ಕಳಕಪ್ಪ. ತಲೆ ಎತ್ತಲೂ ಇಲ್ಲ.

ನಾನು ಗಡಿಯಾರ ನೋಡಿಕೊಂಡೆ. ದಿನಕ್ಕೆ ಎಷ್ಟು ಚೌಕ ಎಂದು ಭಾಗಾಕಾರ ಮಾಡಿದೆ. ಅಂಚು ಮುಗಿಯಲಿಕ್ಕೇ ಗುರುವಾರ ಆಗುತ್ತಿತ್ತು. ಚಿತ್ರ ಯಾವಾಗ? ಹೆಸರು ಯಾವಾಗ? ಕೋಣೆಯಿಂದ ನೇತ್ರಾ ಕೇಳಿದಳು: ‘ಮಾಮಾ, ಎಷ್ಟಾಗೇತಿ?’ ನಾನು ‘ಆತವ್ವ, ಆತು’ ಎಂದು ಸುಳ್ಳು ಹೇಳಿದೆ. ಅವಳು ನಕ್ಕಳು. ಸುಳ್ಳೆಂದು ತಿಳಿದ ನಗೆ. ಅಪ್ಪನ ಮರ್ಯಾದೆ ಕಾಯಲು ಆ ಹುಡುಗಿ ಎರಡು ವರ್ಷದಿಂದ ಅದೇ ನಗೆ ನಗುತ್ತಿದ್ದಳು, ಮದುವೆಯ ಸೀರೆಯ ಮಾತು ಬಂದಾಗಲೆಲ್ಲ.

ಗುರುವಾರ ಅರ್ಧ ದಿನ ರಜೆ ಹಾಕಿ ಮತ್ತೆ ಹೋದೆ. ನನ್ನ ಲೆಕ್ಕ ತಪ್ಪಲಿಲ್ಲ, ಅಂಚು ಅವತ್ತೇ ಮುಗಿದಿತ್ತು. ಎರಡೂ ಕಡೆ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ, ಅದನ್ನು ಒಪ್ಪಲೇಬೇಕು. ನಡುವೆ ಮಾತ್ರ ಎರಡೂ ಕಡೆ ಖಾಲಿ. ಉಳಿದದ್ದು ಎರಡೂವರೆ ದಿನ. ಅಷ್ಟರಲ್ಲಿ ಮಧುಮತಿಯ ಫೋನ್ ಬಂತು. ಹೆಸರು ಹೇಳಿದರೆ ಬರೆಯುತ್ತೇನೆಂದು ಕಳಕಪ್ಪ ಬೆಳಿಗ್ಗೆಯೇ ಕೇಳಿ ಕಳಿಸಿದ್ದನಂತೆ.

‘ಹೂಂ... ಹೂಂ ಮಗಳ... ಹೌದು, ಅದೂ ಖರೇನ...’ ಎಂದು ಕಳಕಪ್ಪ ಕೇಳುತ್ತ ಹೋದ. ಕೊನೆಗೆ ‘ನನ್ನ ಮಗ್ಗದ ಆಣಿ. ಯಾರಿಗೂ ಹೇಳಂಗಿಲ್ಲ’ ಎಂದು ಫೋನ್ ಇಟ್ಟ.

ಆದದ್ದು ಇಷ್ಟು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ತನಕ ಅದನ್ನು ಬೇರೆ ಯಾರೂ ಕೇಳಬಾರದು, ಓದಬಾರದು. ಕೂಸಿನ ಹೆಸರು ಮೊದಲು ಕೂಸಿಗೆ ತಿಳಿಯಬೇಕು. ಇದು ನಮ್ಮ ಮಂದಿಯ ಪದ್ಧತಿ. ಕೂಸಿನ ಅಪ್ಪನಿಗೂ ಹೇಳದ ಹೆಸರನ್ನು ಮಧುಮತಿ ಆಣೆ ಹಾಕಿಸಿಕೊಂಡು ಕಳಕಪ್ಪನಿಗೆ ಹೇಳಿದ್ದಳು. ಆದರೆ ತೊಟ್ಟಿಲ ಹತ್ತಿರ ನಿಂತ ಯಾರ ಕಣ್ಣಿಗೂ ಅದು ಮೊದಲೇ ಬೀಳಕೂಡದು ಎಂದಿದ್ದಳು.

‘ಹಂಗಾದ್ರ ಹೆಸರ ಬಿಟ್ಟಬಿಡ್ರಿ ಮಾವಾರ. ನಡುವ ಎರಡು ಹೂವು ಬರದು ಮುಗಿಸ್ರಿ’ ಎಂದೆ.

‘ಹೆಸರಿಲ್ಲಂದ್ರ ಹಲಗಿ ಯಾರದರೆ ಆಗಬಹುದು. ಇದು ಆ ಕೂಸಿಂದು’ ಎಂದ.

‘ಹಂಗಾದ್ರ ಕೆಳಗಿನ ಕಡಿ ಹೆಸರ ಬರೀರಿ, ಮ್ಯಾಲಿನ ಕಡಿ ಹೂವು ಬರೀರಿ.’

‘ಒಂದ ಕಡಿ ಒಂದು, ಇನ್ನೊಂದ ಕಡಿ ಇನ್ನೊಂದು?’ ಎಂದು ನನ್ನನ್ನು ನೋಡಿದ. ನಾನು ಅವನ ಅಜ್ಜನನ್ನು ಬೈದೆನೋ ಎಂಬಂತೆ ನೋಡಿದ.

ಖಾಲಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತ. ಅಕ್ಕ ಚಹಾ ತಂದಿಟ್ಟಳು, ಆರಿತು. ನಾನು ಎರಡು ಸಲ ಗಡಿಯಾರ ನೋಡಿದೆ. ಅರ್ಧ ತಾಸಿನ ಮೇಲೆ ಕಳಕಪ್ಪ ಎದ್ದು, ಒಂದು ತುಂಡು ಉಸುಕುಕಾಗದ ತೆಗೆದುಕೊಂಡು, ಹಲಗೆಯ ಮೇಲಿನ ಮೈಯನ್ನು ಉಜ್ಜಲು ಶುರು ಮಾಡಿದ. ಕಪ್ಪು ಹೋಯಿತು, ಕೆಂಪು ಹೋಯಿತು, ಬಿಳಿ ಹೋಯಿತು. ಐದು ದಿನದ ಚೌಕಳಿ ಪುಡಿಯಾಗಿ ನೆಲಕ್ಕೆ ಬಿತ್ತು. ಅಕ್ಕ ಬಾಯಿಗೆ ಸೆರಗು ಇಟ್ಟುಕೊಂಡಳು.

ನನ್ನ ಪಿತ್ತ ನೆತ್ತಿಗೇರಿತು. ‘ಮತ್ತ ಬಿಚ್ಚಾಕತ್ತೀರೇನು? ಅವತ್ತು ಸೀರಿ ಬಿಚ್ಚಿ ಮಗಳ ಮಾನ ಕಳದ್ರಿ, ಇವತ್ತ ಮಮ್ಮಗಳದೂ ಕಳೀರಿ!’ ಎಂದು ಕೂಗಿದೆ. ಕೋಣೆಯಲ್ಲಿ ನೇತ್ರಾ ಇದ್ದಾಳೆಂಬುದು ಆಮೇಲೆ ನೆನಪಾಯಿತು. ಆಡಿದ ಮಾತು, ಒಡೆದ ಮುತ್ತು. ಕಳಕಪ್ಪ ಉಜ್ಜುತ್ತಲೇ ಇದ್ದ. ‘ಹೆಸರಿಲ್ಲದ ಅರ್ಧಾ ಮುಖಕ್ಕಿಂತ ಮುಖ ಇಲ್ಲದ್ದ ಚಲೋ ಶಿವನಪ್ಪ. ನೀ ಹೋಗು, ನಿನ್ನ ಬಸ್ಸಿನ ಹೊತ್ತಾತು’ ಎಂದ. ಸಿಟ್ಟಿನಿಂದ ಹೇಳಿದ್ದರೆ ನನಗೆ ಹಗುರಾಗುತ್ತಿತ್ತು. ಸಮಾಧಾನವಾಗಿ ಹೇಳಿದ.

ರೋಣದಲ್ಲಿ ಇಳಿದವನೇ ನೆಟ್ಟಗೆ ಪೇಟೆಗೆ ಹೋದೆ. ಪ್ಲಾಸ್ಟಿಕ್ಕಿನ ಒಂದು ಆಟಿಗೆ ಕೊಂಡೆ, ತೊಟ್ಟಿಲಿಗೆ ಸಿಕ್ಕಿಸುವಂಥದ್ದು. ನಾಲ್ಕು ಹಳದಿ ಬಾತುಕೋಳಿ ಸುತ್ತುತ್ತವೆ, ಸೆಲ್ಲು ಹಾಕಿದರೆ ಹಾಡುತ್ತದೆ. ಮದುವೆಯಲ್ಲಿ ಸೀರೆ ತಂದು ಮಾನ ಉಳಿಸಿದವನು ನಾನು, ಈ ಸಲವೂ ನಾನೇ ಉಳಿಸಬೇಕು ಎಂದು ಬಹಳ ಬೀಗಿಕೊಂಡಿದ್ದೆ. ಅದನ್ನು ಚೀಲದ ತಳದಲ್ಲಿಟ್ಟು ಮೇಲೆ ಒಂದು ಟವೆಲ್ ಮುಚ್ಚಿದೆ.

ರವಿವಾರ ಬಂತು. ಹತ್ತು ಗಂಟೆಗೆಲ್ಲ ನರಗುಂದದ ಬೀಗರು ಎರಡು ಗಾಡಿ ತುಂಬ ಬಂದಿಳಿದರು. ಓಣಿಯ ಹೆಂಗಸರು, ಅಯಾಜನ ತಾಯಿ ಕಾಶೀಂಬಿ, ಎಲ್ಲರೂ ಪಡಸಾಲೆಯಲ್ಲಿ ಸೇರಿದ್ದರು. ಒಳಗೆ ಗುಗ್ಗರಿಯ ವಾಸನೆ. ತೊಲೆಗೆ ತೊಟ್ಟಿಲು ಕಟ್ಟಿತ್ತು, ನೆಲಕ್ಕೆ ಕುಳಿತೇ ತೂಗಬಹುದಾದಷ್ಟು ಕೆಳಗೆ, ಹಿಂದೆ ನೇತ್ರಾ ಮಲಗಿದ್ದ ತೊಟ್ಟಿಲೇ. ಅದರ ಮೇಲೆ, ಸರಪಳಿಗಳ ನಡುವೆ, ಬಿಳಿ ಬಟ್ಟೆ ಹೊದಿಸಿದ ಹಲಗೆ. ಕಳಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೋಡೆಗೆ ಒರಗಿ ನಿಂತಿದ್ದ. ಕಣ್ಣು ಕೆಂಪಾಗಿದ್ದವು. ಅವನ ಕಿವಿಯ ಹಿಂದೆ ನೀಲಿ ಬಣ್ಣ ಮೆತ್ತಿದ್ದನ್ನು ಯಾರೂ ಒರೆಸಿರಲಿಲ್ಲ. ನಾನು ಚೀಲ ಹಿಡಿದು ಆಚೆ ಗೋಡೆಗೆ ನಿಂತೆ.

ನೇತ್ರಾ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. ಅವಳು ಉಟ್ಟದ್ದು ಆ ಹನ್ನೊಂದು ದಿನ ತಡವಾದ ಸೀರೆ. ಕಳಕಪ್ಪ ನೋಡಿದನೋ ಇಲ್ಲವೋ, ಅವನ ಕಣ್ಣು ಹಲಗೆಯ ಮೇಲೇ ಇತ್ತು.

‘ತಗೀರಿ ಬೀಗರ, ಬಟ್ಟೀನ, ನೋಡೂಣು ನಿಮ್ಮ ಕಸಬು’ ಎಂದಳು ರೇಣವ್ವ.

ಅಕ್ಕ ಬಟ್ಟೆ ಎಳೆದಳು. ಕೆಳಗೆ ಬರಿ ಹಲಗೆ. ಒಂದು ಗೆರೆ ಇಲ್ಲ, ಒಂದು ಚುಕ್ಕೆ ಇಲ್ಲ, ಉಜ್ಜಿದ ಸಾಗವಾನಿ ಮಾತ್ರ. ನಾಲ್ಕೂ ಅಂಚಿಗೆ ಸೀರೆಯ ತುಂಡಿನ ಝಾಲರಿ ಗೇಣುದ್ದ ಇಳಿಬಿದ್ದಿತ್ತು. ಪಡಸಾಲೆಯಲ್ಲಿ ಪಿಸುಪಿಸು ಎದ್ದಿತು. ಯಾರೋ ‘ನಾಳಿ’ ಎಂದರು, ಯಾರೋ ಕಿಸಕ್ಕನೆ ನಕ್ಕರು.

‘ಇದೇನ್ರೀ ಇದು! ಬರೇ ಹಲಗಿ! ಹದಿಮೂರು ದಿನ ಇದನ್ನ ಮಾಡಿದ್ರೇನು?’ ಎಂದಳು ರೇಣವ್ವ. ಪಕ್ಕದ ಓಣಿಗೂ ಕೇಳಿರಬೇಕು.

ನನ್ನ ಕೈ ಚೀಲದೊಳಗೆ ಹೋಯಿತು. ಬಾತುಕೋಳಿಯ ಕೊರಳು ಕೈಗೆ ಸಿಕ್ಕಿತು.

‘ಕೂಸಿನ ಹಾಕ್ರೆವ್ವಾ ತೊಟ್ಟಲದಾಗ’ ಎಂದ ಕಳಕಪ್ಪ. ಅಷ್ಟೇ.

ಶಾಸ್ತ್ರ ಶುರುವಾಯಿತು. ತೊಟ್ಟಿಲ ಆಚೆ ಒಬ್ಬಳು, ಈಚೆ ಒಬ್ಬಳು ನಿಂತು ‘ಗೋಪಾಲನ್ನ ಕೊಡು, ಗೋವಿಂದನ್ನ ತಗೋ’ ಎನ್ನುತ್ತ ಕೂಸನ್ನು ಕೈಯಿಂದ ಕೈಗೆ ದಾಟಿಸಿದರು. ಕೂಸು ಮೇಲೆ ಕೆಳಗೆ ಸುತ್ತಿ ಸುತ್ತಿ ಕಿಟಾರನೆ ಕಿರುಚುತ್ತಿತ್ತು. ಮಧುಮತಿ ಬಗ್ಗಿ ಅದರ ಕಿವಿಯಲ್ಲಿ ‘ಕುರ್‌ರ್’ ಎಂದಳು. ಹೆಂಗಸರು ಇದನ್ನೇ ಕಾಯುತ್ತಿದ್ದವರು, ಅವಳ ಬೆನ್ನ ಮೇಲೆ ದಬದಬ ಗುದ್ದಿದರು. ನಾದಿನಿಯ ಬೆನ್ನಿಗೆ ಗುದ್ದಲು ಸಿಗುವುದು ಬಾಳಿನಲ್ಲಿ ಅದೊಂದೇ ಸಂದರ್ಭ, ನೇತ್ರಾ ಕೂಡ ಒಂದು ಗುದ್ದಿದಳು. ಆ ಗದ್ದಲದಲ್ಲಿ ಮಧುಮತಿ ಕಿವಿಯಲ್ಲಿ ಹೆಸರು ಹೇಳಿ, ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಕೂಗಿದಳು: ‘ಇಂಚರಾ!’

ಕೂಸನ್ನು ಮಲಗಿಸಿದರು. ಅಳು ನಿಂತಿತು.

ನಾನು ಮಾಸ್ತರ. ಹದಿಮೂರು ದಿನದ ಕೂಸಿಗೆ ಕಣ್ಣು ಸರಿಯಾಗಿ ಕೂಡಿರುವುದಿಲ್ಲ, ಒಂದು ಮೊಳದಾಚೆ ಎಲ್ಲ ಮಬ್ಬು ಎಂದು ನನಗೆ ಗೊತ್ತು. ಅದು ಅತ್ತು ದಣಿದು ಸುಮ್ಮನಾಯಿತೋ, ಮೊಳದೆತ್ತರದ ಆ ಕಪ್ಪು ಬಿಳಿ ಚೌಕಳಿ ಕಂಡು ಸುಮ್ಮನಾಯಿತೋ, ಪ್ರಮಾಣ ಮಾಡಿ ಹೇಳಲಾರೆ. ಆದರೆ ಕಣ್ಣು ದೊಡ್ಡದಾಗಿ ತೆರೆದು ಮೇಲೆ ನೋಡುತ್ತಿತ್ತು. ಅದನ್ನು ಅಲ್ಲಿದ್ದವರೆಲ್ಲ ನೋಡಿದ್ದಾರೆ.

‘ಏನ ನೋಡಾಕತ್ತೈತಿ ಇದು?’ ಎಂದಳು ರೇಣವ್ವ. ಬಗ್ಗಿದಳು, ಝಾಲರಿ ಅಡ್ಡ ಬಂತು. ಎತ್ತಿದಳು, ಕುತ್ತಿಗೆ ತಿರುಗಲಿಲ್ಲ.

‘ಕೂಸು ನೋಡಿದಂಗ ನೋಡಬೇಕ್ರೀ ಬೀಗತಿ’ ಎಂದ ಕಳಕಪ್ಪ.

ರೇಣವ್ವ ಸೋಲುವವಳಲ್ಲ. ತೊಟ್ಟಿಲಿಗೆ ಬೆನ್ನು ಕೊಟ್ಟು ನೆಲಕ್ಕೆ ಕುಳಿತಳು. ಕಾಶೀಂಬಿ ಒಂದು ರಟ್ಟೆ, ಅಕ್ಕ ಒಂದು ರಟ್ಟೆ ಹಿಡಿದರು. ತಲೆಯನ್ನು ಹಿಂದಕ್ಕೆ ಚೆಲ್ಲಿ, ತುರುಬಿನ ಸಮೇತ, ಕೂಸಿನ ಕಾಲ ಹತ್ತಿರ ತೊಟ್ಟಿಲೊಳಗೆ ಇಟ್ಟಳು. ಮಧುಮತಿ ಝಾಲರಿ ಎತ್ತಿ ಬೆಳಕು ಬಿಟ್ಟಳು. ರೇಣವ್ವ ಒಂದು ನಿಮಿಷ ಸುಮ್ಮನಿದ್ದದ್ದನ್ನು ಅವಳ ಗಂಡ ಕೂಡ ಅವತ್ತೇ ಮೊದಲು ಕಂಡಿರಬೇಕು.

ಆಮೇಲೆ ತೊಟ್ಟಿಲೊಳಗಿಂದ ನಗೆ ಎದ್ದಿತು. ಹೊಟ್ಟೆ ಕುಲುಕುವ ನಗೆ. ‘ನಾನ! ನಾನ ಅದೀನಿ! ಮೂಗಿನಾಗ ನತ್ತು ಸೈತ ಐತಿ! ಏ ಮಧು, ನೋಡ ಬಾ ಇಲ್ಲೆ, ಬೀಗರು ನನ್ನ ಬಸ್ಸಿನ್ಯಾಗ ಕುಂದರಿಸ್ಯಾರ!’

ಮುಂದಿನದನ್ನು ನಾನು ಬದುಕಿರುವ ತನಕ ಮರೆಯಲಾರೆ. ಹೆಂಗಸರು ಗಂಡಸರು ಎನ್ನದೆ ಪಡಸಾಲೆಯ ಜನವೆಲ್ಲ ಸಾಲು ಹಚ್ಚಿತು. ಒಬ್ಬೊಬ್ಬರಾಗಿ ತೊಟ್ಟಿಲಿಗೆ ಬೆನ್ನು ಕೊಟ್ಟು ಕುಳಿತು ತಲೆ ಒಳಗೆ ಹಾಕಿದರು. ಒಳಗೆ ಹೋದ ತಲೆ ನಗುತ್ತಲೇ ಹೊರಗೆ ಬರುತ್ತಿತ್ತು. ‘ಒಬ್ಬೊಬ್ಬರಿಗೆ ಎಷ್ಟ ಹೊತ್ತು? ಲಗೂ ಏಳ್ರಿ!’ ಎಂದು ಹಿಂದಿನವರು ಕೂಗುತ್ತಿದ್ದರು. ಕಿಸಕ್ಕನೆ ನಕ್ಕವರೂ ಸಾಲಿನಲ್ಲಿದ್ದರು. ರೇಣವ್ವ ತಾನೇ ನಿಂತು ಸಾಲು ಕಾಯ್ದಳು. ಅಯಾಜ ಎರಡು ಸಲ ನೋಡಿ ಬಂದು ನನ್ನ ಪಕ್ಕ ನಿಂತು, ‘ಮಾಸ್ತರ, ಎರಡು ದಿನ ಈ ಮನಶಾ ಕುಂತ ಜಾಗಾ ಬಿಟ್ಟ ಎದ್ದಿಲ್ಲರಿ. ನಮ್ಮಪ್ಪನ ಕೈ ಐತಿ ಇವರ ಕೈಯಾಗ’ ಎಂದ. ಅವನ ಕಣ್ಣು ತೇವವಾಗಿತ್ತು.

ನನ್ನ ಸರದಿ ಬಂತು. ಚೀಲ ಬದಿಗಿಟ್ಟು ಕುಳಿತು, ತಲೆ ಒಳಗೆ ಹಾಕಿದೆ.

ಒಂದು ತುದಿಗೆ ನರಗುಂದದ ಗುಡ್ಡ, ಇನ್ನೊಂದು ತುದಿಗೆ ಗಜೇಂದ್ರಗಡದ ಗುಡ್ಡ, ಅದರ ನೆತ್ತಿಗೆ ಕರೆಂಟು ಮಾಡುವ ಗಾಳಿಯ ಫ್ಯಾನುಗಳು. ನಡುವೆ ಜೋಳದ ಹೊಲ, ಹತ್ತಿಯ ಹೊಲ, ಅವುಗಳ ನಡುವೆ ಒಂದು ಕೆಂಪು ಬಸ್ಸು. ಬಸ್ಸಿನ ಹಣೆಯ ಮೇಲೆ, ಊರಿನ ಹೆಸರು ಇರಬೇಕಾದಲ್ಲಿ, ಮೂರು ಬಣ್ಣದ ಮೂರು ಅಕ್ಷರ: ಇಂಚರಾ. ಮೊದಲ ಕಿಟಕಿಯಲ್ಲಿ ನತ್ತು ಹಾಕಿದ ರೇಣವ್ವ, ಮಡಿಲಲ್ಲಿ ಹೆಸರುಕಾಳಿನ ಚೀಲ. ಹಿಂದೆ ಅಕ್ಕ, ಮಧುಮತಿ, ಅಳಿಯ. ನೇತ್ರಾಳ ಮೈಮೇಲೆ ಧಾರೆಯ ಸೀರೆ, ಅಂಗಡಿಯದಲ್ಲ, ಅವನದು. ಬಾಗಿಲಲ್ಲಿ ಒಂದು ಕಾಲು ಹೊರಗಿಟ್ಟು ಜೋತುಬಿದ್ದು ಗಡಿಯಾರ ನೋಡುತ್ತಿರುವ ಬೋಳುತಲೆಯವನು ಯಾರು ಎಂದು ಹೇಳಬೇಕಾಗಿಲ್ಲ. ಆ ಗಡಿಯಾರದ ಮುಳ್ಳನ್ನೂ ಬರೆದಿದ್ದ. ಸೂರ್ಯ ನೆತ್ತಿಯ ಮೇಲಿದ್ದರೂ ಅದು ಹನ್ನೆರಡು ದಾಟಿ ಐದು ನಿಮಿಷ ಮುಂದೆ ಇತ್ತು.

ತಲೆ ಹೊರಗೆ ತೆಗೆದೆ. ಕಳಕಪ್ಪ ಎದುರಿಗೇ ನಿಂತಿದ್ದ. ‘ಮಾವಾರ, ಗುರುವಾರ ನಾ ಆಡಬಾರದ ಮಾತ ಆಡಿದೆ’ ಎಂದೆ.

‘ಆಡಿದಿ ಅಂತ ಎರಡು ದಿನದಾಗ ಮುಗೀತು. ಇಲ್ಲಂದ್ರ ನಾಳಿ ಆಕ್ಕಿತ್ತು’ ಎಂದ. ಇಬ್ಬರೂ ನಕ್ಕೆವು.

ಊಟವಾಗಿ, ಹೊರಡುವ ಹೊತ್ತಿಗೆ ರೇಣವ್ವ ಗಾಡಿ ಹತ್ತದೆ ಹಿಂದಕ್ಕೆ ಬಂದಳು. ಎಲ್ಲರ ಎದುರಿಗೆ, ತನ್ನ ಎಂದಿನ ದನಿಯಲ್ಲೇ, ‘ಬೀಗರ, ಅವತ್ತು ಉಪ್ಪಿನಕಾಯಿ ಅಂದಿದ್ದೆ. ಇವತ್ತ ಹೋಳಿಗೀನ ಬಡಿಸಿದ್ರಿ ನೋಡ್ರಿ. ಆ ಮ್ಯಾಲಿನ ಕಡಿ ಖಾಲಿ ಐತೆಲ್ಲ, ಅದರ ಮ್ಯಾಲ ಏನೂ ಬರೀಬ್ಯಾಡ್ರಿ. ಅದು ಮುಂದ ಹುಟ್ಟೂ ಮಮ್ಮಗಂದು’ ಎಂದಳು. ನೇತ್ರಾ ನಾಚಿ ಒಳಗೆ ಓಡಿದಳು.

ಜನ ಹೋದ ಮೇಲೆ, ಸಂಜೆ, ಬಿಸಿಲು ಪಡಸಾಲೆಯ ಬಾಗಿಲಿಗೆ ಬಂದಿತ್ತು. ಬಾಣಂತಿಯನ್ನು ಸಾಲಿನಲ್ಲಿ ನಿಲ್ಲಿಸಿರಲಿಲ್ಲ. ಹಾಗಾಗಿ ಹಲಗೆಯನ್ನು ಎಲ್ಲರಿಗಿಂತ ಕೊನೆಗೆ ನೋಡಿದವಳು ನೇತ್ರಾ. ಅಕ್ಕ ಬೇಡವೆಂದರೂ ಕೇಳದೆ ಕೂತು ತಲೆ ಒಳಗಿಟ್ಟಳು. ಬಹಳ ಹೊತ್ತು ನೋಡಿದಳು. ನಮ್ಮೆಲ್ಲರ ಕಣ್ಣು ನಮ್ಮ ನಮ್ಮ ಮುಖ ಹುಡುಕಿತ್ತು. ಅವಳ ಕಣ್ಣು ಇಲ್ಲದ ಮುಖ ಹುಡುಕುತ್ತಿತ್ತು.

‘ಅಪ್ಪಾ, ಎಲ್ಲಾರೂ ಬಸ್ಸಿನ್ಯಾಗ ಅದಾರ. ನೀ ಎಲ್ಲಿದ್ದಿ?’ ಎಂದು ಒಳಗಿನಿಂದಲೇ ಕೇಳಿದಳು.

‘ಹಿಂದ ನೋಡವ್ವಾ, ಧೂಳಿನ್ಯಾಗ’ ಎಂದ ಕಳಕಪ್ಪ.

ಬಸ್ಸಿನ ಹಿಂದೆ, ಎದ್ದ ಧೂಳಿನಲ್ಲಿ, ಧೋತರ ಎತ್ತಿಕಟ್ಟಿ ಒಬ್ಬ ಓಡುತ್ತಿದ್ದಾನೆ. ಬಗಲಲ್ಲಿ ಮಡಿಚಿದ ಸೀರೆ. ನಾವೆಲ್ಲ ಅದನ್ನು ನೋಡಿ ನಕ್ಕಿದ್ದೆವು, ತಡವಾದ ಮನುಷ್ಯ ತನ್ನನ್ನು ತಾನೇ ಗೇಲಿ ಮಾಡಿಕೊಂಡಿದ್ದಾನೆ ಎಂದು. ನೇತ್ರಾ ನಗಲಿಲ್ಲ. ‘ಅಪ್ಪಾ...’ ಎಂದಳು, ದನಿ ಒಡೆಯಿತು.

‘ಅಳಬ್ಯಾಡ. ಕೈ ನೋಡು, ಕೈ’ ಎಂದ ಅವನು.

ನಾನೂ ಅವಳ ಪಕ್ಕ ತಲೆ ತೂರಿಸಿ ನೋಡಿದೆ. ಓಡುವವನ ಬಲಗೈ ಬಸ್ಸಿನ ಹಿಂದಿನ ಏಣಿಯನ್ನು ಹಿಡಿದಿತ್ತು, ಐದೂ ಬೆರಳಿನಿಂದ, ಬಿಗಿಯಾಗಿ.

‘ಈ ಸಲ ಬಸ್ ಸಿಕ್ಕೈತಿ ನನಗ’ ಎಂದ ಕಳಕಪ್ಪ.

ನೇತ್ರಾ ಹೊರಗೆ ಬಂದು, ಎರಡು ವರ್ಷದಿಂದ ಆಡದ ಮಾತನ್ನು ಆಡಿದಳು. ‘ಹನ್ನೊಂದು ದಿನಾ ಕಾಯಿಸಿದ್ದಿ ನನ್ನ. ಭಾಳ ಅತ್ತಿದ್ದೆ ಗೊತ್ತೇನು ನಿನಗ?’ ಎಂದು ಅವನ ತೋಳಿಗೆ ಗುದ್ದಿದಳು, ಬೆಳಿಗ್ಗೆ ನಾದಿನಿಗೆ ಗುದ್ದಿದ್ದಕ್ಕಿಂತ ಜೋರಾಗಿ. ಗುದ್ದು ತಿಂದ ಕಳಕಪ್ಪನ ಮುಖ ನೋಡಬೇಕಿತ್ತು ನೀವು. ಊರಿಗೆಲ್ಲ ಬಹುಮಾನ ಹಂಚಿದರೂ ಯಾರ ಮುಖವೂ ಅಷ್ಟು ಅರಳುವುದಿಲ್ಲ.

ಬಾತುಕೋಳಿಯ ಆಟಿಗೆಯನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಈಗ ಅದು ನಮ್ಮ ಶಾಲೆಯ ಮಾಸ್ತರರ ಕೋಣೆಯಲ್ಲಿದೆ. ಅವತ್ತು ಆ ಗದ್ದಲದಲ್ಲಿ ನಾನು ರೋಣದ ಕೊನೆಯ ಬಸ್ಸನ್ನು ತಪ್ಪಿಸಿಕೊಂಡೆ, ಬಾಳಿನಲ್ಲಿ ಮೊದಲ ಸಲ. ಕಳಕಪ್ಪ ಜಮಖಾನೆ ಹಾಸುತ್ತ, ‘ಇರ್ಲಿ ಬಿಡ ಮಾಸ್ತರ, ನಾಳಿ ಹೋಗು’ ಎಂದ.